ಗೋಡೆ ಪಕ್ಕದ ಕಲೆ

ಮೇಜಿನ ನಾಲ್ಕನೆಯ ಕಾಲು ಉಳಿದ ಮೂರಕ್ಕಿಂತ ಗಿಡ್ಡವಾಗಿತ್ತು. ಇಂಥ ಸಂಗತಿಯನ್ನು ಕಂಡೂ ಕಾಣದಂತೆ ಇರುವುದು ನಾಗರಿಕ ಸಮಾಜಕ್ಕೆ ತಕ್ಕುದಲ್ಲವೆಂದು ಡ್ರಾಯಿಂಗ್ ಮೇಷ್ಟ್ರು ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ತೀರ್ಮಾನಿಸಿದರು. ಮೇಜು ಇದ್ದದ್ದು ಕಾಗದದ ಮೇಲೆ. ಬರೆದವಳು ಅವರ ಹೆಂಡತಿ. ಅವಳು ಸೋಪು ತರಲು ಅಂಗಡಿಗೆ ಹೋಗಿದ್ದಳು.

ಇಪ್ಪತ್ತೊಂಬತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಮಕ್ಕಳ ಮೇಜು, ಹೂಜಿ, ಬಕೆಟ್ಟುಗಳನ್ನು ತಿದ್ದುತ್ತ ಬಂದವರು ಅವರು. ತಿದ್ದುವುದು ಅವರಿಗೆ ಕೆಲಸವಲ್ಲ. ಕೆಮ್ಮಿನ ಹಾಗೆ, ತಡೆಯಲಾಗದ್ದು. ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ಬರೆದ ಹಲ್ಲಿಗೆ ಬೇರು ಒಂದು ಕಡಿಮೆಯಿದೆಯೆಂದು ಹಲ್ಲುನೋವಿನಲ್ಲೇ ವಾಪಸು ಬಂದದ್ದೂ ಉಂಟು.

ಹೆಂಡತಿಯ ತಂಗಿ ತೀರಿಕೊಂಡು ಏಳು ತಿಂಗಳಾಗಿತ್ತು. ಅಂದಿನಿಂದ ಹೆಂಡತಿಯ ಮಾತು "ಹೂಂ", "ಊಟ", "ಬಾಗಿಲು ಹಾಕಿ" ಎಂಬ ಮೂರರಲ್ಲೇ ನಿಂತುಹೋಗಿತ್ತು. ಮಾತ್ರೆ ಬರೆದು ಬರೆದು ಬೇಸತ್ತ ಡಾಕ್ಟರು ಅವಳನ್ನು ಆಸ್ಪತ್ರೆಯ ಎರಡನೇ ಮಹಡಿಯ ಚಿತ್ರದ ಕೋಣೆಗೆ ಕಳಿಸಿದರು. ಅಲ್ಲಿ ಮಂಗಳವಾರ ಮಂಗಳವಾರ ಆರು ಜನ ಉದ್ದ ಮೇಜಿನ ಸುತ್ತ ಕೂತು ಮನಸ್ಸಿಗೆ ಬಂದದ್ದನ್ನು ಬರೆಯುತ್ತಿದ್ದರು. ನಡೆಸುವ ಮೇಡಂ ಬಾಗಿಲಿಗೆ ಚೀಟಿ ಅಂಟಿಸಿದ್ದರು: ಇಲ್ಲಿ ಯಾರ ಚಿತ್ರವನ್ನೂ ಯಾರೂ ಚೆನ್ನಾಗಿದೆ ಎನ್ನಬಾರದು, ಚೆನ್ನಾಗಿಲ್ಲ ಎನ್ನಬಾರದು. ಮೊದಲ ದಿನ ಹೆಂಡತಿಯನ್ನು ಬಿಡಲು ಹೋದ ಮೇಷ್ಟ್ರು ಅದನ್ನು ಎರಡು ಸಲ ಓದಿ, "ಹಾಗಾದ್ರೆ ಮಾರ್ಕ್ಸ್ ಹೇಗೆ ಕೊಡ್ತೀರಿ?" ಎಂದು ಕೇಳಿದ್ದರು.

ಮಾರ್ಕ್ಸ್ ಇಲ್ಲದೆಯೂ ಕೆಲಸ ಆಗುತ್ತಿತ್ತು. ಐದನೆಯ ವಾರ ಹೆಂಡತಿ ಮನೆಗೆ ಬಂದವಳೇ, "ಅಲ್ಲೊಬ್ರು ರಿಟೈರ್ಡ್ ಕಂಡಕ್ಟರ್ ಇದ್ದಾರೆ. ಬಸ್ಸೇ ಬರೆಯಲ್ವಂತೆ, ಬರೀ ಮೀನು," ಎಂದಳು. ಇಷ್ಟುದ್ದದ ಮಾತು ಕೇಳಿ ಮೇಷ್ಟ್ರು ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡರು. ಆರನೆಯ ವಾರ ಅವಳು ಮುಗಿಯದ ಚಿತ್ರವೊಂದನ್ನು ಮನೆಗೇ ತಂದಳು. ಒಂದು ಮೇಜು, ಎರಡು ಕುರ್ಚಿ, ಗೋಡೆ. ದಿನವೂ ಅದರ ಮುಂದೆ ಅರ್ಧ ಗಂಟೆ ಕೂರುತ್ತಿದ್ದಳು.

ಆ ಚಿತ್ರದ ಮೇಲೆ ಈಗ ಮೇಷ್ಟ್ರ ಪೆನ್ಸಿಲ್ ಇಳಿಯಿತು. ಕಾಲು ಅರ್ಧ ಇಂಚು ಬೆಳೆಯಿತು. ಕಾಲು ಸರಿಹೋದ ಮೇಲೆ ಕುರ್ಚಿಯ ಬೆನ್ನು ಸೊಟ್ಟಗೆ ಕಂಡಿತು. ಅದನ್ನೂ ನೆಟ್ಟಗೆ ಮಾಡಿದರು. ಕೊನೆಗೆ ಕಂಡದ್ದು ಗೋಡೆಯ ಪಕ್ಕ, ಕುರ್ಚಿಯ ಹಿಂದೆ, ಹೆಬ್ಬೆರಳು ಉಜ್ಜಿದಂಥ ಒಂದು ಬೂದು ಕಲೆ. ಕಲೆಗೆ ಕಲೆ ಅಂಟಬಾರದು ಎಂಬುದು ಅವರು ಪ್ರತಿವರ್ಷ ಎಂಟನೇ ತರಗತಿಯಲ್ಲಿ ಹೇಳಿ ತಾವೊಬ್ಬರೇ ನಗುತ್ತಿದ್ದ ಮಾತು. ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಊದಿ, ಕಾಗದವನ್ನು ಇದ್ದಲ್ಲೇ ಇಟ್ಟರು. ಅಂದೂ ಮರುದಿನವೂ ಹೆಂಡತಿಗೆ ತಲೆನೋವು. ಚಿತ್ರದ ಮುಂದೆ ಕೂರಲಿಲ್ಲ. ಮಂಗಳವಾರ ಅದನ್ನು ಸುರುಳಿ ಸುತ್ತಿಕೊಂಡು ಹೊರಟಳು.

ಅದು ಮನೆಯವರೂ ಒಳಗೆ ಬರಬಹುದಾದ ದಿನ. ಮೇಷ್ಟ್ರು ಹೊಸ್ತಿಲಲ್ಲಿ ಅನುಮಾನಿಸುತ್ತ ನಿಂತರು.

"ಬಾಗಿಲಲ್ಲಿ ನಿಲ್ಬೇಡಿ ಸರ್, ಒಳಗೆ ಸೀಟು ಖಾಲಿ ಇದೆ," ಎಂದರು ಕಂಡಕ್ಟರು, ಮೀನಿಗೆ ಕಣ್ಣು ಇಡುತ್ತ.

ಮೇಷ್ಟ್ರು ಹೆಂಡತಿಯ ಪಕ್ಕ ಕೂತರು. ಅವಳು ಸುರುಳಿ ಬಿಚ್ಚಿದಳು. ನೋಡಿದಳು. ಕಾಗದ ತಿರುಗಿಸಿ ಹಿಂಭಾಗವನ್ನೂ ನೋಡಿದಳು.

"ಎಲ್ಲಿ ಹೋದ್ಲು?"

"ಯಾರಮ್ಮ?" ಎಂದರು ಮೇಡಂ.

"ನನ್ನ ತಂಗಿ. ಇಲ್ಲೇ ಇದ್ಲಲ್ಲ ಮೇಡಂ, ಕುರ್ಚಿ ಹಿಂದೆ. ಕೂತ್ಕೋ ಅಂದ್ರೆ ಕೂರ್ತಾನೇ ಇರ್ಲಿಲ್ಲ ಅವ್ಳು, ನಿಂತ್ಕೊಂಡೇ ಟೀ ಕುಡಿಯೋಳು..." ಅವಳ ಬೆರಳು ಬಿಳಿಯ ಜಾಗದ ಮೇಲೆ ಓಡಾಡಿತು. "ಭಾನುವಾರ ಮಾತ್ರೆ ತಗೊಂಡು ಮಂಪರಲ್ಲಿದ್ದೆ. ನಾನೇ ಅಳಿಸ್ಬಿಟ್ನಾ? ನನ್ನ ಕೈಯಾರೆ?"

ಮೇಷ್ಟ್ರು ಜೇಬಿನಿಂದ ಇಣುಕುತ್ತಿದ್ದ ಪೆನ್ಸಿಲ್ಲನ್ನು ಒಳಗೆ ತಳ್ಳಿದರು.

"ಅಳಿಸಿದ್ರೂ ತಪ್ಪಲ್ಲಮ್ಮ," ಎಂದರು ಮೇಡಂ ಮೆಲ್ಲಗೆ. "ಕೆಲವು ಸಲ ಮನಸ್ಸು ತಾನಾಗೇ ಬಿಟ್ಟುಕೊಡುತ್ತೆ. ಅದು ಒಳ್ಳೇದೇ ಇರಬಹುದು."

ಬಚಾವಾಗುವ ದಾರಿ ಇಷ್ಟು ಸಲೀಸಾಗಿ, ಅದೂ ಆಸ್ಪತ್ರೆಯ ಕಡೆಯಿಂದಲೇ ಸಿಕ್ಕೀತೆಂದು ಮೇಷ್ಟ್ರು ಎಣಿಸಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರು, ಅರ್ಧ ನಿಮಿಷ. ಅಷ್ಟರಲ್ಲಿ ಹೆಂಡತಿ ಬಲಗೈಯನ್ನು ಮೇಜಿನಿಂದ ತೆಗೆದು, ಕದ್ದು ಸಿಕ್ಕಿಬಿದ್ದ ಕೈಯಂತೆ ಮಡಿಲಲ್ಲಿಟ್ಟು, ಎಡಗೈಯಿಂದ ಮುಚ್ಚಿದಳು.

"ನೀನಲ್ಲ ಕಣೇ," ಎಂದರು ಮೇಷ್ಟ್ರು. "ನಾನು."

"ಏನು ನೀವು?"

"ಕೊಳೆ ಅಂದ್ಕೊಂಡೆ. ಮೇಜಿನ ಕಾಲು ಗಿಡ್ಡ ಇತ್ತು, ಅದನ್ನ ತಿದ್ದೋಕೆ ಹೋಗಿ..."

"ಮೇಜಿನ ಕಾಲು?"

"ಅರ್ಧ ಇಂಚು."

ಕಂಡಕ್ಟರು ಮೀನಿನಿಂದ ತಲೆಯೆತ್ತಿದರು. "ಅಯ್ಯೋ ಸರ್, ಪ್ಯಾಸೆಂಜರನ್ನೇ ಇಳಿಸಿಬಿಟ್ರಲ್ಲ!" ಎಂದವರು, ಬಾಗಿಲ ಚೀಟಿ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರು.

"ಆ ಮೇಜು ಇದ್ದಿದ್ದೇ ಹಾಗೆ ಕಣ್ರೀ!" ಹೆಂಡತಿಯ ದನಿ ಎದ್ದಿತು. "ನಮ್ಮಪ್ಪನ ಮನೇಲಿ ಆ ಕಾಲು ಗಿಡ್ಡಾನೇ. ಕೆಳಗೆ ರಟ್ಟು ಮಡಚಿಟ್ಟಿದ್ವಿ. ಇಪ್ಪತ್ತಾರು ವರ್ಷದಿಂದ ನಾನು ಬಟ್ಟೆ ಒಣಹಾಕೋದು ತಿದ್ದಿದ್ರಿ, ಸುಮ್ನಿದ್ದೆ. ನನ್ನ ಸೈನು ತಿದ್ದಿದ್ರಿ, ಬ್ಯಾಂಕಲ್ಲಿ ಇದು ನಿಮ್ಮದಲ್ಲ ಅಂದ್ರು, ಆಗಲೂ ಸುಮ್ನಿದ್ದೆ. ಸತ್ತೋಳನ್ನೂ ಬಿಡಲಿಲ್ವಲ್ರೀ!"

ಏಳು ತಿಂಗಳಲ್ಲಿ ಅವಳು ಒಮ್ಮೆಗೇ ಇಷ್ಟು ಮಾತಾಡಿರಲಿಲ್ಲ. ಸಂತೋಷಪಡುವ ಹಕ್ಕು ತಮಗಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಒಳಗೆಲ್ಲೋ ಸಂತೋಷವಾಯಿತು. ಆದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ನಾನೇ ಮತ್ತೆ ಬರೆದುಕೊಡ್ತೀನಿ. ನನಗೆ ಜ್ಞಾಪಕ ಇದೆ, ಇಷ್ಟೆತ್ತರ..." ಕೈ ಜೇಬಿನ ಪೆನ್ಸಿಲ್ಲಿಗೆ ಹೋಯಿತು.

"ಮುಟ್ಟಿದ್ರೆ ನೋಡಿ!"

"ಸರ್," ಎಂದರು ಮೇಡಂ, "ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?"

ಹೊರಗಿನ ಬೆಂಚಿನಿಂದ ಗಾಜಿನ ಬಾಗಿಲ ಆಚೆ ಎಲ್ಲ ಕಾಣುತ್ತಿತ್ತು. ಹೆಂಡತಿ ಹೆಬ್ಬೆರಳಿಗೆ ಸೀಸದ ಪುಡಿ ಬಳಿದು ಗೋಡೆಯ ಪಕ್ಕ ಉಜ್ಜಿದಳು. ದೂರ ಹಿಡಿದು ನೋಡಿ ತಲೆಯಲ್ಲಾಡಿಸಿದಳು. ಮತ್ತೆ ಉಜ್ಜಿದಳು. ಮೇಷ್ಟ್ರು ಬೆಂಚಿನಲ್ಲಿ ಕೂತು ಆ ಕಲೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದರು. ಜ್ಞಾಪಕ ಇದೆ ಎಂದದ್ದು ಸುಳ್ಳು. ಕುರ್ಚಿಯ ಬೆನ್ನು ಎಷ್ಟು ಸೊಟ್ಟಗಿತ್ತೆಂದು ಈಗಲೂ ಹೇಳಬಲ್ಲರು. ಅದರ ಹಿಂದೆ ನಿಂತಿದ್ದವಳು ಎತ್ತರವಿದ್ದಳೋ ಗಿಡ್ಡವಿದ್ದಳೋ, ಈ ಕಡೆ ವಾಲಿದ್ದಳೋ ಆ ಕಡೆಗೋ, ಅವರು ನೋಡಿಯೇ ಇರಲಿಲ್ಲ. ನೋಡದೆಯೇ ಅಳಿಸಿದ್ದರು.

ಒಳಗೆ ಹೆಂಡತಿ ಆ ಕಾಗದವನ್ನು ಪಕ್ಕಕ್ಕೆ ಸರಿಸಿ, ಹೊಸದೊಂದನ್ನು ಕೇಳಿದಳು.

ತಂಗಿ ಮತ್ತೆ ಯಾವ ಚಿತ್ರದಲ್ಲೂ ಬರಲಿಲ್ಲ. ಹೆಂಡತಿ ಇನ್ನೂ ಎಂಟು ವಾರಕ್ಕೆ ಹೆಸರು ಬರೆಸಿದಳು. ಮನೆಯವರು ಬರುವ ದಿನ ಮೇಷ್ಟ್ರು ಹೊರಗೇ ಕೂತರು.