ಕೆಂಪು ಮಿಸ್

ಊರ ಬ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಡ್ರಮ್ಸ್ ಬಾರಿಸಿ, ಮಣಿಕಟ್ಟು ಕೈಕೊಟ್ಟ ಮೇಲೆ ಟೈರ್ ಅಂಗಡಿಯ ಮಹಡಿಯಲ್ಲಿ ಪಾಠ ಶುರುಮಾಡಿದ್ದ ಟೀಚರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಸಂಜೆ ಐದರಿಂದ ಆರರವರೆಗೆ ಕೆಳಗಿನ ಟೈರ್ ಅಂಗಡಿಯವನು ಸುತ್ತಿಗೆ ಮುಟ್ಟುತ್ತಿರಲಿಲ್ಲ. ಹೆದರಿ ಹಾಗೆ ಮಾಡುತ್ತಾನೆಂದು ಅಕ್ಕಪಕ್ಕದವರು ನಗುತ್ತಿದ್ದರು. ನಿಜವಾಗಿ ಆತ, ಮೇಲಿನ ಮಕ್ಕಳ ಪಾಠ ಕೆಡದಿರಲಿ ಎಂದು, ಒರೆಸುವ ಜೋಡಿಸುವ ಸದ್ದಿಲ್ಲದ ಕೆಲಸಗಳನ್ನೆಲ್ಲ ಆ ಒಂದು ಗಂಟೆಗೆ ಉಳಿಸಿಕೊಳ್ಳುತ್ತಿದ್ದ. ಇದು ಟೀಚರಿಗೆ ಗೊತ್ತಿತ್ತು. ಆದರೂ ಮೆಟ್ಟಿಲ ಬಳಿ ಟೈರ್ ಇಟ್ಟಿದ್ದಕ್ಕೆ ದಿನಾ ಅವನನ್ನು ಬೈದೇ ಮೇಲೆ ಹತ್ತುತ್ತಿದ್ದರು.

ಆ ಹುಡುಗಿ ಬಂದ ಮೊದಲ ದಿನವೇ ಅವರ ಪಿತ್ತ ನೆತ್ತಿಗೇರಿತ್ತು. ಹದಿನಾರು ವರ್ಷದವಳು, ಬಸ್ ಕಂಡಕ್ಟರನ ಮಗಳು.

"ಎಷ್ಟು ದಿನದಿಂದ ಬಾರಿಸ್ತಿದೀಯ?"

"ನಾಲ್ಕು ವರ್ಷ, ಮಿಸ್."

"ಯಾರ ಹತ್ತಿರ ಕಲಿತೆ?"

"ಟಿವಿ ಹತ್ತಿರ, ಮಿಸ್."

ಪಕ್ಕದಲ್ಲಿದ್ದ ಮಕ್ಕಳು ಕಿಸಕ್ಕೆಂದರು. ಹುಡುಗಿ ವಿವರಿಸಿದಳು. ಅದೊಂದು ವಿಡಿಯೋ ಗೇಮ್. ತಟ್ಟೆಯಂಥ ನಾಲ್ಕು ಪ್ಲಾಸ್ಟಿಕ್ ಹಲಗೆ, ಕಾಲಿಗೊಂದು ಪೆಡಲ್. ಟಿವಿಯ ಮೇಲಿನಿಂದ ಬಣ್ಣದ ಗುಂಡುಗಳು ಇಳಿದು ಬರುತ್ತವೆ. ಗುಂಡು ಕೆಳಗಿನ ಗೆರೆ ಮುಟ್ಟುವಾಗ ಆ ಬಣ್ಣದ ಹಲಗೆಗೆ ಹೊಡೆಯಬೇಕು. ಹಾಡು ಮುಗಿದಾಗ ಎಷ್ಟು ಸರಿಯಾಗಿತ್ತೆಂದು ಅದೇ ಹೇಳುತ್ತದೆ.

"ನನಗೆ ತೊಂಬತ್ತೆಂಟು ಪರ್ಸೆಂಟು ಬರುತ್ತೆ, ಮಿಸ್."

"ಉಳಿದ ಎರಡು ಪರ್ಸೆಂಟೇ ಸಂಗೀತ. ಕೂತ್ಕೋ."

ಎಂಟು ತಿಂಗಳು ಕಲಿಸಿದರು. ಕೋಲು ಹಿಡಿಯುವುದನ್ನು ಹುಡುಗಿ ಬೇಗ ಕಲಿತಳು. ಆದರೆ ಎರಡು ಕಾಯಿಲೆ ವಾಸಿಯಾಗಲಿಲ್ಲ. ಒಂದು, ಪ್ರತಿ ಪೆಟ್ಟೂ ಗೋಡೆಗೆ ಮೊಳೆ ಹೊಡೆದ ಹಾಗೆ ಒಂದೇ ಸಮ ಜೋರು. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಟೀಚರ್ ಜೊತೆಗೆ ಬಾರಿಸುವಾಗ ಪ್ರತಿ ಪೆಟ್ಟೂ ಕೂದಲೆಳೆಯಷ್ಟು ಮುಂಚೆ ಬೀಳುತ್ತಿತ್ತು.

"ಅವಸರ! ಮತ್ತೆ ಅವಸರ! ಬಸ್ಸೇನು ಬಿಟ್ಟು ಹೋಗ್ತಿದೆಯಾ?"

"ಇಲ್ಲ ಮಿಸ್, ನಮ್ಮಪ್ಪ ಕಂಡಕ್ಟರು. ನನ್ನ ಬಿಟ್ಟು ಹೋಗಲ್ಲ."

"ಬಾಯಿಗೇನೂ ಕಡಿಮೆ ಇಲ್ಲ. ನನ್ನ ಕೈ ನೋಡು. ಕೈ ನೋಡು ಅಂದೆ! ನನ್ನ ಕೋಲು ಇಳಿದಾಗ ನಿನ್ನ ಕೋಲು ಇಳೀಬೇಕು. ನೋಡು!"

ಹುಡುಗಿ ಕಣ್ಣು ಕೀಲಿಸಿ ನೋಡುತ್ತಿದ್ದಳು. ನೋಡಿದಷ್ಟೂ ಮುಂಚೆ ಹೊಡೆಯುತ್ತಿದ್ದಳು. ಟೀಚರು ಕೆಂಡಾಮಂಡಲವಾಗುತ್ತಿದ್ದರು. ಪಾಠ ಮುಗಿದ ಮೇಲೆ ಅವಳೊಬ್ಬಳೇ ನಿಂತು ಸಿಂಬಲ್ಲುಗಳ ಮೇಲಿನ ಬೆರಳಚ್ಚು ಒರೆಸುತ್ತಿದ್ದಳು. ಕೋಲುಗಳನ್ನು ಅಂಗೈಯಲ್ಲಿ ತೂಗಿ, ಒಂದೇ ಭಾರದವನ್ನು ಜೋಡಿ ಮಾಡಿ ಡಬ್ಬಿಯಲ್ಲಿಡುತ್ತಿದ್ದಳು. ಟೀಚರ ನೋಯುವ ಮಣಿಕಟ್ಟಿಗೆ ಹಗುರಾದ ಜೋಡಿ ಯಾವಾಗಲೂ ಮೇಲೇ ಸಿಗುತ್ತಿತ್ತು. ಟೀಚರು ಅದನ್ನು ಎತ್ತಿಕೊಂಡು, ಅದೇ ಕೋಲಿನಿಂದ ಮರುದಿನ ಮೇಜು ಕುಟ್ಟಿ ಅವಳನ್ನೇ ಬೈಯುತ್ತಿದ್ದರು.

ಮೆಟ್ಟಿಲಲ್ಲಿ ಮಕ್ಕಳು ತಮ್ಮನ್ನು 'ಕೆಂಪು ಮಿಸ್' ಎನ್ನುವುದು ಅವರ ಕಿವಿಗೂ ಬಿದ್ದಿತ್ತು. ತಾವು ಹೊದೆಯುವ ಕೆಂಪು ಶಾಲಿಗೆ ಹಾಗೆನ್ನುತ್ತಾರೆ ಎಂದುಕೊಂಡಿದ್ದರು.

ಅಷ್ಟರಲ್ಲಿ ಊರ ಬ್ಯಾಂಡಿನಲ್ಲಿ ಡ್ರಮ್ಸಿನ ಜಾಗ ಖಾಲಿಯಾಯಿತು. ಹುಡುಗಿಗೆ ಆ ಜಾಗ ಬೇಕೇಬೇಕಿತ್ತು. ಎರಡು ಕೋಣೆಯ ಮನೆಯಲ್ಲಿ ನಿಜವಾದ ಡ್ರಮ್ಸ್ ಇಡಲು ಜಾಗವೂ ಇಲ್ಲ, ಬಾರಿಸಿದರೆ ಸಹಿಸಿಕೊಳ್ಳುವ ನೆರೆಯವರೂ ಇಲ್ಲ. ಬ್ಯಾಂಡಿಗೆ ಸೇರಿದವರಿಗೆ ಅಭ್ಯಾಸದ ಹಾಲ್‌ನ ಬೀಗದ ಕೈ ಕೊಡುತ್ತಾರೆ, ಬೇಕಾದಾಗ ಹೋಗಿ ಬಾರಿಸಬಹುದು. "ಆ ಕೀಲಿ ಒಂದು ಸಿಕ್ಕಿಬಿಟ್ರೆ ಸಾಕು, ಮಿಸ್" ಎಂದು ಅವಳು ಹತ್ತು ಸಲ ಹೇಳಿದ್ದಳು. ಟೀಚರು ಗೊಣಗುತ್ತಲೇ, ಟಿವಿ ಆಟದ ಕಥೆಯನ್ನೂ ಬಿಡದೆ, ಬ್ಯಾಂಡಿನ ಮಾಸ್ಟರಿಗೆ ಹೇಳಿ ಶನಿವಾರ ಬೆಳಿಗ್ಗೆ ಕರೆದುಕೊಂಡು ಹೋದರು.

ಅಲ್ಲಿ ಆದದ್ದು ಇಷ್ಟೇ. ಮಾಸ್ಟರು ಬ್ಯಾಂಡಿಗೆ ತಾಳ ತೋರಿಸುವ ಕೋಲು ಎತ್ತಿ ಇಳಿಸಿದರು. ಹುಡುಗಿ ಅವರ ಕೋಲನ್ನೇ ನುಂಗುವಂತೆ ನೋಡುತ್ತ ಬಾರಿಸಿದಳು. ನಾಲ್ಕು ಸಾಲು ದಾಟುವಷ್ಟರಲ್ಲಿ ತುತ್ತೂರಿಯವರು ಒಂದು ಕಡೆ, ಕೊಳಲಿನವರು ಒಂದು ಕಡೆ. ಆಳೆತ್ತರದ ಪಿಟೀಲು ನುಡಿಸುವ, ಎಲ್ಲರೂ ಪಿಟೀಲಜ್ಜ ಎನ್ನುವ ಮುದುಕರು ಮಾತ್ರ ತಲೆ ಓರೆ ಮಾಡಿ ಕೇಳುತ್ತಿದ್ದರು.

"ನಿಲ್ಲಿಸಿ!" ಎಂದರು ಮಾಸ್ಟರು. "ಏನಮ್ಮಾ, ಇಲ್ಲಿ ಮೇಲಿಂದ ಗುಂಡು ಬೀಳಲ್ಲ, ಸ್ಕೋರೂ ಬರಲ್ಲ. ಇದು ಆಟ ಅಲ್ಲ." ಆಮೇಲೆ ಟೀಚರ ಕಡೆ ತಿರುಗಿದರು. "ನಿಮ್ಮ ಮಣಿಕಟ್ಟಿನ ಜೊತೆ ಕಿವೀನೂ ಕೈಕೊಟ್ಟಿತೇನೋ. ಇಷ್ಟು ವರ್ಷದ ಪರಿಚಯ ಅಂತ ಇನ್ನೊಂದು ವಾರ ಕೊಡ್ತೀನಿ. ಆಮೇಲೆ ಬೇರೆಯವರನ್ನ ನೋಡ್ಕೋತೀನಿ."

ಹೊರಗೆ ಬರುವಾಗ ಟೀಚರ ಮೈಯೆಲ್ಲ ಉರಿಯುತ್ತಿತ್ತು. ಹುಡುಗಿಯ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ಉರಿ ಇನ್ನೂ ಹೆಚ್ಚಾಯಿತು.

"ಅಳಬೇಡ. ಆ ಪ್ಲಾಸ್ಟಿಕ್ ದರಿದ್ರವನ್ನ ಇವತ್ತೇ ತಿಪ್ಪೆಗೆ ಹಾಕಿಸ್ತೀನಿ. ನಡಿ ನಿಮ್ಮನೆಗೆ."

ಮೂರನೆಯ ಮಹಡಿ. ಬೆಳಗಿನ ಪಾಳಿ ಮುಗಿಸಿ ಬಂದಿದ್ದ ಅಪ್ಪ ಇನ್ನೂ ಯೂನಿಫಾರ್ಮಿನಲ್ಲೇ ಇದ್ದ, ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಏದುಸಿರು ಬಿಡುತ್ತಿದ್ದ ಟೀಚರನ್ನು ಕಂಡು, ಮನೆಯಲ್ಲಿ ಬೆನ್ನಾನಿಕೆ ಇದ್ದ ಒಂದೇ ಕುರ್ಚಿಯನ್ನು ಅವರಿಗೆ ಹಾಕಿ, ತಾನು ಟ್ರಂಕಿನ ಮೇಲೆ ಕುಳಿತ.

"ಎಲ್ಲಿದೆ ಅದು?"

"ಯಾವುದು, ಟೀಚರ್?"

"ನಿಮ್ಮ ಮಗಳ ಗುರು."

ಅಪ್ಪ ಮೂಲೆಯಲ್ಲಿದ್ದ ಬಟ್ಟೆ ಸರಿಸಿದ. ನಾಲ್ಕು ಹಲಗೆಗಳ ಮೇಲೂ ದಪ್ಪನೆಯ ಸ್ಪಂಜು ಅಂಟಿಸಿತ್ತು, ಅಂಚು ನೀಟಾಗಿ ಕತ್ತರಿಸಿ.

"ಇದೇನಿದು?"

"ಬಸ್ಸಿನ ಹರಿದ ಸೀಟಿಂದು. ಕೆಳಗಡೆ ಮನೇಲಿ ಪುಟ್ಟ ಮಗು ಇದೆ, ಟಪಟಪ ಅಂದ್ರೆ ಎದ್ದುಬಿಡುತ್ತೆ ಪಾಪ. ಅದಕ್ಕೆ ಅಂಟಿಸಿದೆ. ಆದ್ರೆ ಈಗ ಜೋರಾಗಿ ಹೊಡೀಬೇಕು. ಇಲ್ಲಾಂದ್ರೆ ತಾಗಿದ್ದು ಅದಕ್ಕೆ ಗೊತ್ತೇ ಆಗಲ್ಲ."

ಟೀಚರು ಬೆರಳಿನಿಂದ ಸ್ಪಂಜು ಒತ್ತಿ ನೋಡಿದರು. ಮೊಳೆ ಹೊಡೆಯುವ ಸದ್ದಿನ ಬೇರು ಇಲ್ಲಿತ್ತು. ಯಾರದೋ ಮಗುವಿನ ನಿದ್ದೆಗಾಗಿ ಮಾಡಿದ್ದನ್ನು ಬೈಯುವುದು ಹೇಗೆ? ಬೈಗುಳ ಗಂಟಲಲ್ಲೇ ಉಳಿಯಿತು. ಉಳಿದದ್ದು ಇನ್ನಷ್ಟು ಬಿಸಿಯಾಯಿತು.

"ಹಾಕು ಅದನ್ನ. ನಾನೇ ನೋಡ್ತೀನಿ."

ಟಿವಿಯಲ್ಲಿ ಹಾಡು ಶುರುವಾಯಿತು. ಸಲೀಸಾದ ನಡೆ, ಮಗು ಕೂಡ ಬಾರಿಸಬಹುದು. ಟೀಚರು ಗುಂಡು ಗೆರೆ ಮುಟ್ಟಿದಾಗ ಸರಿಯಾಗಿ ಹೊಡೆದರು. ಪರದೆಯ ಮೇಲೆ ಕೆಂಪಕ್ಷರ ಮಿನುಗಿತು: ಮಿಸ್. ಮತ್ತೆ ಹೊಡೆದರು. ಮಿಸ್. ಜೋರಾಗಿ ಹೊಡೆದರು. ಮಿಸ್, ಮಿಸ್, ಮಿಸ್. ಇಪ್ಪತ್ತೆಂಟು ವರ್ಷ ಒಂದು ಊರನ್ನೇ ಹೆಜ್ಜೆ ಹಾಕಿಸಿದ ಕೈಗೆ ಒಂದು ಪೆಟ್ಟಿಗೆ ಕೆಂಪು ಬಳಿಯುತ್ತಿತ್ತು. ಹಾಡು ಮುಗಿದಾಗ ಪರದೆ ಹೇಳಿತು: ಹನ್ನೊಂದು ಪರ್ಸೆಂಟ್.

ಅಪ್ಪ ಮೆಲ್ಲಗೆ ಹೇಳಿದ, "ನನಗೆ ಒಂಬತ್ತು ಬಂದಿತ್ತು, ಟೀಚರ್. ನಿಮ್ಮದೇ ವಾಸಿ."

ಟೀಚರಿಗೆ ಇನ್ನೇನೋ ಹೊಳೆದಿತ್ತು. ಅವರು ಹುಡುಗಿಯ ಕಡೆ ತಿರುಗಿದರು.

"ಓಹೋ. ಕೆಂಪು ಮಿಸ್ ಅಂದ್ರೆ ಶಾಲಲ್ಲ. ಇದು!"

ಹುಡುಗಿ ತಲೆ ತಗ್ಗಿಸಿದಳು. "ಹೆಸರು ನಾನೇ ಇಟ್ಟಿದ್ದು, ಮಿಸ್. ನೀವು ಬೈದಾಗ ಟಿವಿ ಥರಾನೇ ಅನ್ಸುತ್ತಿತ್ತು. ತಪ್ಪು ಅಂತ ಹೇಳುತ್ತೆ, ಏನು ತಪ್ಪು ಅಂತ ಹೇಳಲ್ಲ."

ಕೆನ್ನೆಗೆ ಹೊಡೆದಂತಾಯಿತು. ಟೀಚರು ಹಲ್ಲು ಕಚ್ಚಿ ಕೇಳಿದರು, "ಸರಿ. ಏನು ತಪ್ಪು, ನೀನೇ ಹೇಳು. ನಾನು ಸರಿಯಾಗಿ ಹೊಡೆದೆ."

"ಸರಿಯಾಗಿ ಹೊಡೆದಿದ್ದಕ್ಕೇ ಮಿಸ್ ಬಂತು. ನಮ್ಮ ಟಿವಿ ತಡ, ಮಿಸ್. ಮಾವ ಹೊಸದು ತಗೊಂಡಾಗ ಕೊಟ್ಟ ಹಳೇ ಟಿವಿ. ಗುಂಡು ಗೆರೆ ಮುಟ್ಟಿದ್ದನ್ನ ಅದು ಸ್ವಲ್ಪ ಆಮೇಲೆ ತೋರಿಸುತ್ತೆ. ಮೊದಲು ನನಗೂ ಬರೀ ಮಿಸ್ಸೇ. ಎರಡು ತಿಂಗಳು ಅತ್ತುಬಿಟ್ಟೆ. ಆಮೇಲೆ ಅದು ಎಷ್ಟು ತಡ ಮಾಡುತ್ತೋ ಅಷ್ಟು ಮುಂಚೆ ಹೊಡೆಯೋದು ಕಲಿತೆ. ಇಷ್ಟು." ಹೆಬ್ಬೆರಳು ತೋರುಬೆರಳ ನಡುವೆ ಒಂದು ಕೂದಲೆಳೆಯಷ್ಟು ಜಾಗ ಬಿಟ್ಟು ತೋರಿಸಿದಳು.

ಟೀಚರು ಆ ಬೆರಳುಗಳನ್ನೇ ನೋಡುತ್ತ ಕುಳಿತರು. ಅವಸರದ ಕೈ ಓಡುತ್ತ ಓಡುತ್ತ ಹಾಡನ್ನೂ ಓಡಿಸಿಕೊಂಡು ಹೋಗುತ್ತದೆ. ಈ ಹುಡುಗಿಯ ಹಾಡು ಎಂದೂ ಓಡಿರಲಿಲ್ಲ. ಶುರುವಾದ ನಡೆಯಲ್ಲೇ ಮುಗಿಯುತ್ತಿತ್ತು. ಪ್ರತಿ ಪೆಟ್ಟೂ ಮುಂಚೆ, ಪ್ರತಿ ಪೆಟ್ಟೂ ಅಷ್ಟೇ ಮುಂಚೆ. ಬರೀ ಒಳ್ಳೆಯ ತಾಳಜ್ಞಾನ ಇದ್ದವರಿಂದಲೂ ಆಗದ ಕೆಲಸ ಅದು. ಎಂಟು ತಿಂಗಳು ಅದು ಕಣ್ಣೆದುರೇ ಇತ್ತು, ಕಿವಿಯೆದುರೂ ಇತ್ತು.

"ಇದನ್ನ ನನಗ್ಯಾಕೆ ಹೇಳಲಿಲ್ಲ?"

"ನೀವು ಕೇಳಲೇ ಇಲ್ಲ, ಮಿಸ್."

"ಕಣ್ಣು ಮುಚ್ಚು!" ಟೀಚರು ಗದರಿದರು. ಅಪ್ಪ ಕೂಡ ಗಾಬರಿಯಲ್ಲಿ ಕಣ್ಣು ಮುಚ್ಚಿದ. ಟೀಚರು ಕುರ್ಚಿಯ ತೋಳಿನ ಮೇಲೆ ಎರಡು ಬೆರಳಿನಿಂದ ತಟ್ಟತೊಡಗಿದರು. ಹುಡುಗಿ ಕಣ್ಣು ಮುಚ್ಚಿ ಟ್ರಂಕಿನ ಮೇಲೆ ತಟ್ಟಿದಳು. ಎರಡು ಸದ್ದು ಒಂದೇ ಆಯಿತು. "ತೆರಿ. ನನ್ನ ಕೈ ನೋಡು." ಮರುಕ್ಷಣವೇ ಕೂದಲೆಳೆ ಮುಂಚೆ. "ಮುಚ್ಚು." ಮತ್ತೆ ಒಂದೇ.

'ನನ್ನ ಕೈ ನೋಡು.' ಎಂಟು ತಿಂಗಳು ದಿನಕ್ಕೆ ಐವತ್ತು ಸಲ ಹೇಳಿದ ಮಾತು. ಟಿವಿಯ ಮುಂದಿನಿಂದ ಎದ್ದು ಬಂದ ಹುಡುಗಿಯ ಮುಂದೆ ತಾವೇ ಇನ್ನೊಂದು ಟಿವಿಯಾಗಿ ನಿಂತಿದ್ದರು.

"ಇದಕ್ಕೆ ಏನಾದ್ರೂ ರಿಪೇರಿ ಇಲ್ವಾ, ಟೀಚರ್?" ಅಪ್ಪ ಕೇಳಿದ.

ಹುಡುಗಿ ಆಟದ ಸೆಟ್ಟಿಂಗ್ಸ್ ತೆರೆದಳು. ಕೆಳಗೆಲ್ಲೋ ಒಂದು ಸಾಲು: ಟಿವಿ ತಡವಾದರೆ ಇಲ್ಲಿ ಹೊಂದಿಸಿ. ನಾಲ್ಕು ವರ್ಷ ಯಾರೂ ಮುಟ್ಟದ ಸಾಲು. ಮುಟ್ಟಿದರೆ ಏನು ಕೆಡುತ್ತದೋ ಎಂದು ಅಪ್ಪನೇ ಬೇಡವೆಂದಿದ್ದನಂತೆ. ಟೀಚರು ಎದ್ದು ನಿಂತರು. ಆ ಟಿವಿಯನ್ನು ಒದೆಯೋಣವೆನ್ನಿಸಿತು. ಕೆಳಗೆ ಮಗು ಮಲಗಿತ್ತು.

"ಬಾಯಿ ಮುಚ್ಕೊಂಡು ಕೇಳು," ಎಂದರು ಹುಡುಗಿಗೆ, ಸಿಟ್ಟಿನಿಂದಲೇ. "ತಪ್ಪು ನಂದು. ಇನ್ನೊಂದು ಸಲ ಹೇಳಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಬಾ."

ಆ ವಾರ ಮಹಡಿಯಲ್ಲಿ ಇಬ್ಬರ ಸ್ಟೂಲುಗಳೂ ಬೆನ್ನಿಗೆ ಬೆನ್ನು ಹಾಕಿದ್ದವು. ನೋಡು ಎಂಬ ಮಾತು ಟೀಚರ ನಾಲಗೆಗೆ ಬಂದಾಗಲೆಲ್ಲ ಅವರು ತುಟಿ ಕಚ್ಚಿಕೊಂಡರು. ಕಣ್ಣಿನ ಅಭ್ಯಾಸ ಬಿಡಿಸಲು ತಿಂಗಳುಗಳೇ ಬೇಕು, ಇದ್ದದ್ದು ಆರು ದಿನ. ಹಾಗಾಗಿ ಕಿವಿಯನ್ನೇ ನಂಬಿದರು. ಮೆಲ್ಲಗೆ ಬಾರಿಸುವುದೂ ಅಷ್ಟೇ ಕಷ್ಟವಾಯಿತು. "ಇದು ಬಸ್ಸಿನ ಸೀಟಲ್ಲ, ಚರ್ಮ! ಮುಟ್ಟಿದ್ರೆ ಸಾಕು, ಗೊತ್ತಾಗುತ್ತೆ ಅದಕ್ಕೆ!" ಕೂಗು ಕಡಿಮೆಯಾಗಲಿಲ್ಲ. ಆದರೆ ಪ್ರತಿ ಕೂಗಿನ ಹಿಂದೆ ಏನು ತಪ್ಪೆಂಬುದೂ ಬರುತ್ತಿತ್ತು. ಟೈರ್ ಅಂಗಡಿಯವನು ಬೆಳಗಿನ ಏಳಕ್ಕೂ ಸುತ್ತಿಗೆ ಕೆಳಗಿಟ್ಟ.

ಶನಿವಾರ ಹಾಲ್‌ನಲ್ಲಿ ಹುಡುಗಿ ಡ್ರಮ್ಸನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅಲುಗುತ್ತಿದ್ದ ಒಂದು ಕಾಲಿನ ಕೆಳಗೆ ಪಿಟೀಲಜ್ಜ ಮಾತಿಲ್ಲದೆ ಮಡಿಸಿದ ಪೇಪರ್ ತುರುಕಿದರು. ಅಪ್ಪ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಇದೇನು ಅವತಾರ?" ಎಂದರು ಮಾಸ್ಟರು. "ನನಗೆ ಬೆನ್ನು ತೋರಿಸಿ ಬಾರಿಸೋ ಡ್ರಮ್ಮರ್ ಬೇಡ. ಇಲ್ಲಿ ಎಲ್ಲರ ಕಣ್ಣೂ ನನ್ನ ಕೋಲಿನ ಮೇಲಿರಬೇಕು."

"ಒಂದು ಸಲ ಕೇಳಿ," ಎಂದರು ಟೀಚರು.

"ನಿಯಮ ನಿಯಮಾನೇ."

"ಕೇಳಿ ಅಂದೆ! ನಾನು ಎಂಟು ತಿಂಗಳು ಕೇಳಲಿಲ್ಲ, ನಾಚಿಕೆಯಾಗಿದೆ ನನಗೆ. ನಿಮಗೆ ಮೂರು ನಿಮಿಷ ಕೇಳೋಕೇನು ಬೇನೆ? ನಿಮ್ಮ ಕೋಲನ್ನ ನೋಡೋದು ಆಮೇಲೆ ಕಲೀತಾಳೆ, ನಾನು ಕಲಿಸ್ತೀನಿ. ನೀವು ಬ್ಯಾಂಡಿನ ಕಂಡಕ್ಟರಾದ್ರೆ ಇವಳಪ್ಪ ಬಸ್ಸಿನ ಕಂಡಕ್ಟರು. ಅವರು ಸೀಟಿ ಊದಿದ್ರೆ ಡ್ರೈವರ್ ತಿರುಗಿ ನೋಡ್ತಾನೇನು? ಕೇಳಿಸ್ಕೋತಾನೆ, ಬಸ್ಸು ಹೋಗುತ್ತೆ!"

ಬಾಗಿಲಲ್ಲಿ ಅಪ್ಪ ಸಂಕೋಚದಿಂದ ಸೀಟಿಯನ್ನು ಅಂಗಿಯೊಳಗೆ ತಳ್ಳಿಕೊಂಡ. ಮಾಸ್ಟರು ಮುಖ ಸಿಂಡರಿಸಿ ಕೋಲು ಇಳಿಸಿದರು. ಪಿಟೀಲಜ್ಜನ ದಪ್ಪ ತಂತಿ ಮಿಡಿಯಿತು, ಅದನ್ನು ಹಿಡಿದು ಹುಡುಗಿ ಬಂದಳು. ನಾಲ್ಕು ಸಾಲು, ಎಂಟು ಸಾಲು. ತುತ್ತೂರಿಯವರ ಹುಬ್ಬು ಮೇಲೇರಿತು, ಕೊಳಲಿನಾಕೆಯ ಕಾಲು ತಾನಾಗಿ ತಟ್ಟತೊಡಗಿತು. ಹಾಡಿನ ನಡುವೆ ಮಾಸ್ಟರು ಸಾಕೆಂದು ಕೋಲು ಕೆಳಗಿಟ್ಟರು.

ಹುಡುಗಿಗೆ ಅದು ಕಾಣಲಿಲ್ಲ. ಅವಳು ಬಾರಿಸುತ್ತಲೇ ಹೋದಳು. ಅವಳ ತಾಳದ ಮೇಲೆ ಏರಿ ಕುಳಿತಿದ್ದ ಬ್ಯಾಂಡೂ ಇಳಿಯಲಿಲ್ಲ. ಮಾಸ್ಟರು ಕೈ ಬೀಸಿದರು, ಮತ್ತೆ ಬೀಸಿದರು. ಹಾಡು ತನ್ನ ಕೊನೆ ಮುಟ್ಟಿಯೇ ನಿಂತಿತು.

"ನಿಲ್ಲಿಸು ಅಂದಾಗ ನಿಲ್ಲಿಸದ ಡ್ರಮ್ಮರ್!" ಮಾಸ್ಟರು ಗುಡುಗಿದರು.

"ನಾವೂ ನಿಲ್ಲಿಸಲಿಲ್ಲವಲ್ಲ, ಸಾರ್," ಎಂದರು ಪಿಟೀಲಜ್ಜ, ಕನ್ನಡಕ ಒರೆಸುತ್ತ. "ನೀವು ಕೋಲು ಕೆಳಗಿಟ್ಟಿದ್ದು ನಮಗೆ ಕಾಣ್ತಿತ್ತು."

ಮಾಸ್ಟರು ಬೀಗದ ಕೈಯನ್ನು ಜೇಬಿನಿಂದ ತೆಗೆದು, ಕೊಡದೆ, ಡ್ರಮ್ಮಿನ ಮೇಲೆ ಎಸೆದರು. ಅದು ಚರ್ಮದ ಮೇಲೆ ಟಣ್ಣೆಂದಿತು. "ಮೂರು ತಿಂಗಳು ಪರೀಕ್ಷೆ. ಅಷ್ಟರಲ್ಲಿ ಇತ್ತ ತಿರುಗಿ ಕೂರೋದು ಕಲಿತಿರಬೇಕು."

ಚರ್ಮದ ಮೇಲೆ ಕಬ್ಬಿಣ ಎಸೆದವನನ್ನು ಬೈಯಲು ಟೀಚರು ಎರಡು ಹೆಜ್ಜೆ ಮುಂದಿಟ್ಟಿದ್ದರು. ಅಪ್ಪ ಬಂದು ಮೆಲ್ಲಗೆ ಅವರ ಶಾಲು ಸರಿಮಾಡಿ ಹೆಗಲಿಗೆ ಹೊದಿಸಿದ. ಆ ಒಂದು ಕ್ಷಣದಲ್ಲಿ ಬೈಗುಳದ ಹೊತ್ತು ಮೀರಿತು.

ಹೊರಗಿನ ಮೆಟ್ಟಿಲಲ್ಲಿ ಹುಡುಗಿ ಮುಷ್ಟಿ ಬಿಗಿದು ನಡೆಯುತ್ತಿದ್ದಳು, ಒಳಗೆ ಕೀಲಿ.

"ಎಷ್ಟು ಬಂತು, ಮಿಸ್? ತೊಂಬತ್ತೆಂಟು?"

"ನಿನ್ನ ಪರ್ಸೆಂಟಿಗಿಷ್ಟು ಬೆಂಕಿ ಹಾಕ. ಕೊನೆಯಲ್ಲಿ ಸಿಂಬಲ್ ಹಾಗಾ ಚಚ್ಚೋದು?"

"ಮಿಸ್ ಆಯ್ತಾ, ಮಿಸ್?"

ಟೀಚರು ಮೆಟ್ಟಿಲ ಮೇಲೆ ದೊಪ್ಪನೆ ಕುಳಿತರು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು.

"ಕೂತ್ಕೋ. ಏನು ತಪ್ಪಾಯ್ತು ಅಂತ ಹೇಳ್ತೀನಿ. ಅದಕ್ಕೆ ಮುಂಚೆ ನೀನು ಹೇಳು, ಅಲ್ಲಿ ಅಷ್ಟು ಜೋರಾಗಿ ಯಾಕೆ ಹೊಡೆದೆ?"