ಕೋಟಿನ ಗುಂಡಿಯ ಬೆನ್ನು

ಮೂರು ಚಳಿಗಾಲದಿಂದ ಡೆಸ್ಮಂಡ್ ಪಾಸ್ಕ್ ಒಬ್ಬನೇ ಹೊಲ ಸುತ್ತುತ್ತಿದ್ದ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಅವನ ಪಕ್ಕದಲ್ಲಿ ರಾಯ್ಸ್ಟನ್ ಫಿಡ್ಡಿ ಇದ್ದ. ನಾರ್ಫೋಕ್ ಸೀಮೆಯ ಉತ್ತ ಹೊಲಗಳಲ್ಲಿ ಇಬ್ಬರೂ ಮೆಟಲ್ ಡಿಟೆಕ್ಟರ್ ಆಡಿಸುತ್ತಾ, ಅದು ಕೂಗಿದ ಕಡೆ ಅಗೆದು ಹಳೆಯ ಕೋಟುಗಳ ಗುಂಡಿಗಳನ್ನು ಹೆಕ್ಕುತ್ತಿದ್ದರು. ಬೇರೆಯವರಿಗೆ ನಾಣ್ಯದ ಹುಚ್ಚು, ಇವರಿಗೆ ಗುಂಡಿಯದು. ಈಗಲೂ ಏನಾದರೂ ಸಿಕ್ಕರೆ ಡೆಸ್ಮಂಡ್ ಅದನ್ನು ಅಂಗೈ ಮೇಲಿಟ್ಟುಕೊಂಡು ಪಕ್ಕಕ್ಕೆ ತಿರುಗುತ್ತಿದ್ದ. ಪಕ್ಕದಲ್ಲಿ ಗಾಳಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

ಜಗಳವಾದದ್ದೂ ಒಂದು ಗುಂಡಿಗಾಗಿಯೇ. ಯಾವುದೋ ದೊಡ್ಡ ಮನೆಯ ಆಳಿನ ಕೋಟಿನದು. ಮುಖದ ಮೇಲೆ ಕೊಕ್ಕರೆಯ ಚಿತ್ರ, ಚಿನ್ನದ ನೀರು ಇನ್ನೂ ಹೊಳೆಯುತ್ತಿತ್ತು. ಪಬ್ಬಿನ ಹಿಂದಿನ ಕೋಣೆಯಲ್ಲಿ ಡಿಟೆಕ್ಟರ್ ಕ್ಲಬ್ಬಿನ ತಿಂಗಳ ಸಭೆ ಸೇರಿದಾಗ ಡೆಸ್ಮಂಡ್ ಅದನ್ನು ಮೇಜಿನ ಮೇಲಿಟ್ಟು, ‘ಸಾವಿರದ ಏಳುನೂರ ಐವತ್ತು’ ಎಂದು ಇಸವಿಯ ಚೀಟಿ ಬರೆದ.

“ಬೆನ್ನಿನ ಮಣ್ಣು ತೆಗಿ ಡೆಸ್. ಅಕ್ಷರ ಇದ್ದಂಗಿದೆ. ಅಕ್ಷರ ಇದ್ರೆ ಅಷ್ಟು ಹಳೇದಲ್ಲ,” ಎಂದ ರಾಯ್.

“ಕೆರೆದು ಚಿನ್ನ ಕಳ್ಕೊಳ್ಳೋಕೆ ನಾನೇನು ನಿನ್ನೆ ಮೊನ್ನೆ ಕ್ಲಬ್ ಸೇರಿದವನಾ?”

“ಚಿನ್ನ ಇರೋದು ಮುಂದೆ ಕಣೋ. ನಾನು ಕೆರಿ ಅಂದಿದ್ದು ಹಿಂದೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಡೆಸ್ಮಂಡನ ಪಿತ್ತ ನೆತ್ತಿಗೇರಿತು.

“ಕಣ್ಣಿಗೆ ಪೊರೆ ಬಂದು ರಸ್ತೆ ಬೋರ್ಡೇ ಕಾಣಲ್ಲ ನಿಂಗೆ, ಅಕ್ಷರ ಕಾಣ್ತಂತೆ!”

ನಗು ನಿಂತಿತು. ರಾಯ್ ಲಾರಿ ಓಡಿಸುತ್ತಿದ್ದವನು. ಆಪರೇಷನ್ನಿನ ದಿನ ಗೊತ್ತಾದ ಮೇಲೆ ಮಾಲೀಕನಿಗೆ ತಾನೇ ಹೇಳಬೇಕೆಂದಿದ್ದ. ಆದರೆ ಮರುದಿನವೇ ಮಾತು ಮಾಲೀಕನ ಕಿವಿಗೆ ಬಿತ್ತು. ಕೆಲಸ ಹೋಯಿತು.

ಈ ಶನಿವಾರ ಬೆಳಿಗ್ಗೆ, ಮನೆಯಲ್ಲಿ ಮಾತಾಡಿಸುವವರಿಲ್ಲದೆ ಬೇಸತ್ತು, ಡೆಸ್ಮಂಡ್ ಆ ಗುಂಡಿಯನ್ನು ಹೊರತೆಗೆದ. ಮುಳ್ಳಿನ ಮೊನೆಯಿಂದ ಬೆನ್ನಿನ ಹಸಿರು ಕಿಲುಬನ್ನು ಬಿಡಿಸಿದ. ‘ಎರಡು ಪಟ್ಟು ಚಿನ್ನ, ಲಂಡನ್’ ಎಂಬ ಅಕ್ಷರಗಳು ದುಂಡಗೆ ಮೂಡಿದವು. ಹಾಗೆ ಬರೆಯುವ ರೂಢಿ ಬಂದದ್ದೇ ಅವನು ಬರೆದ ಇಸವಿಗಿಂತ ಐವತ್ತು ವರ್ಷ ಆಮೇಲೆ. ನಾಚಿಕೆಗಿಂತ ಮೊದಲು ಅವನಿಗೆ ಸಂತೋಷವಾಯಿತು. ಸೋತೆ ಎಂದು ಒಪ್ಪಿಕೊಂಡರೆ ರಾಯ್ ಮತ್ತೆ ಹೊಲಕ್ಕೆ ಬಂದೇ ಬರುತ್ತಾನೆ! ಮೂರ್ಖ, ತನ್ನ ತಪ್ಪು ಗುಂಡಿಯದು ಎಂದೇ ತಿಳಿದಿದ್ದ.

ಡೆಸ್ಮಂಡ್ ಕಾರಿನಲ್ಲಿ ಅವನ ಮನೆ ತಲುಪಿದಾಗ ರಾಯ್ ಕೋಟು ತೊಟ್ಟು ಹೊರಟು ನಿಂತಿದ್ದ. ಈಗ ಪೇಟೆಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸ ಅವನಿಗೆ. ಹೊಸ್ತಿಲಲ್ಲೇ ಗುಂಡಿಯನ್ನು ಬೆಳಕಿಗೆ ಹಿಡಿದ. ಆಪರೇಷನ್ ಆದ ಮೇಲೆ ಕಣ್ಣು ಚುರುಕಾಗಿತ್ತು.

“ಸಾವಿರದ ಎಂಟುನೂರ ಹತ್ತೋ ಇಪ್ಪತ್ತೋ. ಕೊಂಡಿ ಬೆಸೆದಿರೋದು ನೋಡು. ಒಳ್ಳೇ ಗುಂಡಿ.”

“ನೀನು ಹೇಳಿದ್ದೇ ಸರಿ ರಾಯ್. ಕ್ಲಬ್ಬಲ್ಲೂ ಹೇಳ್ತೀನಿ, ಎಲ್ಲರ ಮುಂದೆ.”

“ಹೇಳು. ಚೀಟಿನೂ ತಿದ್ದು.”

“ನಾಳೆ... ಚರ್ಚ್ ಪಕ್ಕದ ಹೊಲ ಉತ್ತಿದಾರೆ. ಬರ್ತೀಯಾ?”

ರಾಯ್ ಗುಂಡಿಯನ್ನು ಅವನ ಕೈಗೆ ಹಾಕಿದ. “ಈ ಗುಂಡಿ ವಿಷಯ ನಾನು ಆ ವಾರವೇ ಮರೆತೆ ಡೆಸ್. ಕಣ್ಣಿನ ವಿಷಯ ನಿಂಗೊಬ್ಬನಿಗೇ ಹೇಳಿದ್ದೆ ಕಣೋ. ಹೆಂಡ್ತಿಗೂ ಹೇಳಿರ್ಲಿಲ್ಲ.”

“ಬಾಯಿ ಜಾರ್ತು.”

“ಜಾರ್ಲಿಲ್ಲ. ಎಲ್ಲಿ ನೋಯುತ್ತೋ ಅಲ್ಲಿಗೇ ನೋಡಿ ಹೊಡೆದೆ ನೀನು.”

ಡೆಸ್ಮಂಡ್ ಬೂಟಿನ ಮಣ್ಣನ್ನು ನೋಡುತ್ತಾ ನಿಂತ. “ತಪ್ಪಾಯ್ತು,” ಎಂದ. ಐವತ್ತೊಂಬತ್ತು ವರ್ಷದ ಬಾಯಿಗೆ ಆ ಮಾತು ಹೊಸದು.

“ಆಯ್ತು ಬಿಡು. ಈಗ ಸಿಟ್ಟಿಲ್ಲ. ಆದ್ರೆ ನಿನ್ನ ಪಕ್ಕ ನಡೀತಾ ಏನಂತ ಮಾತಾಡ್ಲಿ? ದಿನಾ ಮಳೆ ಬರುತ್ತೋ ಇಲ್ವೋ ಅಂತಲಾ?”

ಬಾಗಿಲಿಗೆ ಬೀಗ ಹಾಕಿ ರಾಯ್ ಬಸ್ ನಿಲ್ದಾಣದತ್ತ ನಡೆದ. ಡೆಸ್ಮಂಡ್ ಕಾರನ್ನು ನಿಧಾನವಾಗಿ ಅವನ ಹಿಂದೆಯೇ ತಂದು, ನಿಲ್ದಾಣದ ಎದುರು ನಿಲ್ಲಿಸಿ ಗಾಜು ಇಳಿಸಿದ.

“ಪೇಟೆಗೆ ಬಿಡ್ತೀನಿ, ಹತ್ತು.”

ರಾಯ್ ಬೇಡವೆಂದು ತಲೆಯಾಡಿಸಿ ರಸ್ತೆಯ ಕಡೆಗೆ ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಕೈ ಎತ್ತಿದ. ಡೆಸ್ಮಂಡನ ಜೀವ ಹಗುರಾಗಿ, ಅವನೂ ಕಾರಿನೊಳಗಿಂದ ಕೈ ಎತ್ತಿದ. ಹಿಂದಿನಿಂದ ಹಾರನ್ ಕೇಳಿತು. ಬಸ್ಸು ಬಂದಿತ್ತು, ದಾರಿಗೆ ಇವನ ಕಾರು ಅಡ್ಡವಾಗಿತ್ತು.