ಕಾಲು ಸುತ್ತು

ಚಕ್ರದ ಸದ್ದು ಬದಲಾಯಿತು, ತಿರುವಿನಲ್ಲಿ ಗರಗರ ಬರುತ್ತಿದ್ದದ್ದು ಈಗ ಹಗುರಾಗಿ, ಎಣ್ಣೆ ಹಚ್ಚಿದ ಹಾಗೆ, ಅಂದರೆ ಹುಡುಗಿ ಹಿಮ್ಮುಖ ಆದಳು, ಕೊಟ್ರಬಸಮ್ಮನ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯಿತು, ಇಪ್ಪತ್ತೆರಡು ವರ್ಷ ಸ್ಕೇಟಿಂಗ್ ರಿಂಕುಗಳ ಪಕ್ಕ ಜಡ್ಜ್ ಆಗಿ ಕೂತ ಕಿವಿ, ಸುಮ್ಮನೆ ಆಯಿತೇ — ಬೆಳಿಗ್ಗೆ ಮೂರು ಸಲ ಒದ್ದೆ ಬಟ್ಟೆ ಎಳೆದರೂ ಸಂಡೂರಿನ ಕೆಂಪು ಧೂಳು ಆ ಮೂಲೆಯಲ್ಲಿ ಮತ್ತೆ ಕೂತಿದೆ, ದುರ್ಗಾ ಮೂಲೆ ತಪ್ಪಿಸಿಯೇ ತಿರುಗಿದಳು, ಜಾಣೆ, ಹದಿನಾಲ್ಕರ ಹುಡುಗಿ, ಕಂಪ್ಲಿಯ ಅಕ್ಕಿ ಗಿರಣಿಯ ಸಿಮೆಂಟ್ ಕಣದಲ್ಲಿ, ಭತ್ತ ಹರವದ ದಿನ ನೋಡಿ ಚಕ್ರ ಓಡಿಸಿ ಕಲಿತವಳು, ಅವಳ ಅವ್ವ ಹಂಪಕ್ಕ ಅದೇ ಗಿರಣಿಯ ಕೂಲಿ, ಮಗಳಿಗೆಂದು ಹೊಟ್ಟು ಗುಡಿಸಿ ಕೊಟ್ಟು ಆಮೇಲೆ ಕೆಲಸಕ್ಕೆ ನಿಲ್ಲುತ್ತಾಳಂತೆ. ಜಿಗಿದಳು, ಗಾಳಿಯಲ್ಲಿ ಒಂದೂವರೆ ಸುತ್ತು, ಸರಿಯಾಗಿ ಇಳಿದಳು, ಆಕ್ಸೆಲ್, ಅಂತ ಮೈಕಿಗೆ ಹೇಳಿದಳು ಕೊಟ್ರಬಸಮ್ಮ, ಪಕ್ಕದಲ್ಲಿ ಸಂಘಮಿತ್ರಾ ಕಂಪ್ಯೂಟರಿಗೆ ಟಪಟಪ ಹೊಡೆದಳು, ಹೊಸ ಪದ್ಧತಿ ಇದೇ, ಜಿಲ್ಲೆಯಲ್ಲಿ ಇವತ್ತೇ ಮೊದಲು — ಪ್ರತಿ ಜಿಗಿತಕ್ಕೆ, ಪ್ರತಿ ಗಿರಕಿಗೆ ಅದರದೇ ಬೆಲೆ, ಆಗಿದ್ದು ಏನು ಅಂತ ಕೊಟ್ರಬಸಮ್ಮ ಕೂಗಿ ಹೇಳಬೇಕು, ಎಷ್ಟು ಚೆಂದ ಆಯಿತು ಅಂತ ಎದುರಿನ ಐದು ಜಡ್ಜ್‌ಗಳು ಒತ್ತಬೇಕು, ಅನುಮಾನ ಬಂದರೆ ವೀಡಿಯೋ ತಿರುಗಿಸಿ ನೋಡಬೇಕು, ಹಳೆಯದರಲ್ಲಿ ಇಡೀ ಆಟಕ್ಕೆ ಎರಡೇ ಅಂಕ, ಹತ್ತಕ್ಕೆ ಇಷ್ಟು ಅಂತ, ಒಂದು ಕಸರತ್ತಿಗೆ, ಒಂದು ಅಂದಕ್ಕೆ, ಯಾಕಷ್ಟು ಅಂತ ಯಾರೂ ಕೇಳುವಂತಿಲ್ಲ.

ಆದರೆ ಈ ಹುಡುಗಿ ಕೇಳಿದ್ದಳು. ಎರಡು ವರ್ಷದ ಹಿಂದೆ, ಹೊಸಪೇಟೆಯಲ್ಲಿ, ಶಾಲೆಯ ಗ್ಯಾದರಿಂಗಿನ ಕುಣಿತದ ಹಳದಿ ಲಂಗ ಹಾಕಿಕೊಂಡು ಬಂದಿದ್ದಳು, ಎರಡು ಸುತ್ತಿನ ಸಾಲ್ಕೋ ಜಿಗಿತ ಹೊಡೆದು ಹತ್ತಿಯ ಹಾಗೆ ಇಳಿದಳು, ಕೊಟ್ರಬಸಮ್ಮ ಆರೂವರೆ ಅಂತ ಬರೆದದ್ದು ನಿಜ, ಪೆನ್ಸಿಲ್ಲಿನಲ್ಲಿ, ಆಗ ಪಕ್ಕದ ಕುರ್ಚಿಯಿಂದ ಸಂಘದ ಅಧ್ಯಕ್ಷ ಹಾಲಸ್ವಾಮಿಯವರು ಸುಮ್ಮನೆ ಒಮ್ಮೆ ಈ ಚೀಟಿಯ ಕಡೆ ನೋಡಿದರು, ಒಂದು ಮಾತೂ ಆಡಲಿಲ್ಲ ಪಾಪ, ಬರೀ ನೋಡಿದರು, ಶಾಂಭವಿ ಇನ್ನೂ ಆಡಬೇಕಿತ್ತು, ಮೂರು ವರ್ಷದಿಂದ ಗೆಲ್ಲುತ್ತಿರುವ ಹುಡುಗಿ, ಅವಳಿಗಿಂತ ಮೇಲೆ ಒಂದು ಕಂಪ್ಲಿಯ ಹಳದಿ ಲಂಗವೇ — ರಬ್ಬರು, ಐದೂವರೆ. ಯಾರೂ ಹೇಳಿರಲಿಲ್ಲ. ತನ್ನ ಕೈಯೇ ಮಾಡಿದ್ದು. ಹುಡುಗಿ ನಾಲ್ಕನೆಯವಳಾದಳು, ಮುಗಿದ ಮೇಲೆ ಸೀದಾ ಎದುರಿಗೆ ಬಂದು ನಿಂತಳು, ಮೇಡಂ, ನಂದು ಎಲ್ಲಿ ತಪ್ಪಾತ್ರಿ, ಹೇಳ್ರಿ, ತಿದ್ದಿಕೋತೀನಿ, ಅಂದಳು, ಕೊಟ್ರಬಸಮ್ಮ ಏನಂದಳು, ಭಾಳ ಚಲೋ ಮಾಡೀದಿ ತಂಗಿ, ಇನ್ನೂ ಪ್ರಾಕ್ಟೀಸ್ ಮಾಡು, ಅಂದಳು, ಚಿತ್ತವಾಡ್ಗಿಯ ಮನೆಗೆ ಹೋಗುವ ಆಟೋದಲ್ಲಿ ಎಲೆಅಡಿಕೆ ಬಾಯಲ್ಲೇ ಉಳಿಯಿತು, ಅಗಿಯಲು ಆಗಲಿಲ್ಲ.

ಐವತ್ತಮೂರನೇ ವಯಸ್ಸಿಗೆ ಜಡ್ಜ್ ಪರೀಕ್ಷೆ ಬರೆದಳು, ಹೊಸ ಪದ್ಧತಿಯದು, ಒಮ್ಮೆ ಫೇಲ್, ಗಂಡ ಮಲ್ಲೇಶ್ ನಗಲಿಲ್ಲ, ಅಡುಗೆಮನೆಯ ಗೋಡೆಗೆ ಜಿಗಿತಗಳ ಪಟ್ಟಿ ಅಂಟಿಸಿಕೊಟ್ಟರು, ರೊಟ್ಟಿ ಬಡಿಯುತ್ತ ಬಾಯಿಪಾಠ, ಎರಡನೇ ಸಲ ಪಾಸ್. ಆಮೇಲೆ ಕಡ್ಡಿರಾಂಪುರದ ಒಂದು ಹೋಂಸ್ಟೇ ಹಾಲಿನಲ್ಲಿ ಸಂಘದ ಮೀಟಿಂಗು, ಹೊಸ ಪದ್ಧತಿ ತರಬೇಕೋ ಬೇಡವೋ ಅಂತ, ಹಾಲಸ್ವಾಮಿಯವರು ಮೇಜು ತಟ್ಟಿ, ಇಷ್ಟ ವರ್ಷದ ನಮ್ಮ ಕಣ್ಣಿಗಿಂತ ಆ ಕಂಪ್ಯೂಟರ್ ಡಬ್ಬಿ ದೊಡ್ಡದಾತೇನ್ರಿ ಬಸಮ್ಮಾರ, ಅಂದರು, ನನ್ನ ಕಣ್ಣು ಚಲೋನ ಐತ್ರಿ, ನನ್ನ ಕೈ ಮ್ಯಾಲೆ ನನಗ ನಂಬಿಕಿ ಇಲ್ಲ, ಅಂತ ಎದ್ದು ನಿಂತೇ ಹೇಳಿದಳು, ಒಂಬತ್ತು ಜನರ ಮುಂದೆ ಆ ರಬ್ಬರಿನ ಸಂಗತಿ ಇದ್ದಂತೆ ಹೇಳಿದಳು, ಯಾರ ಹೆಸರೂ ಎತ್ತಲಿಲ್ಲ, ತನ್ನದೊಂದೇ, ಮೊದಲು ಕೈ ಎತ್ತಿದ್ದು ಸಂಘದ ಇನ್ನೊಬ್ಬ ಜಡ್ಜ್ ಲಿಂಗರಾಜ್, ಆಮೇಲೆ ಒಬ್ಬೊಬ್ಬರೇ, ಆರು ಕೈ, ಗೆದ್ದಿತು, ಅವತ್ತು ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದಳು, ನಿಂತದ್ದೇ ಗೊತ್ತಾಗಲಿಲ್ಲ.

ರಿಂಕಿನಲ್ಲಿ ಈಗ ದುರ್ಗಾಳ ಗಿರಕಿ, ಕೂತ ಗಿರಕಿ, ಒಂದು, ಎರಡು, ಮೂರು — ಅಬ್ಬಾ, ಜಾಗ ಬಿಟ್ಟು ಒಂದು ಬೆರಳಷ್ಟೂ ಸರಿಯಲಿಲ್ಲ, ಎದುರಿನ ಜಡ್ಜ್‌ಗಳ ಮುಖ ನೋಡಬಾರದು, ನೋಡಿದಳು, ಐವರೂ ಬಗ್ಗಿದ್ದಾರೆ, ಇಂಥದ್ದು ಇವತ್ತು ಯಾರೂ ಮಾಡಿಲ್ಲ, ಶಾಂಭವಿಯೂ ಇಲ್ಲ, ಈಗ ಉಳಿದದ್ದು ಅದೊಂದೇ, ಸಾಲ್ಕೋ, ಹುಡುಗಿ ಹಿಂದೆ ಹಿಂದೆ ಬಂದಳು, ಕಾಲು ಬೀಸಿದಳು, ಮೇಲಕ್ಕೆ — ಇಳಿದಳು, ಚಪ್ಪಾಳೆ, ಡಬಲ್ ಸಾಲ್ಕೋ, ಅಂತ ಬಾಯಿ ಹೇಳಿಬಿಟ್ಟಿತು, ಆದರೆ ಕಿವಿ, ಹಾಳು ಕಿವಿ, ಇಳಿಯುವಾಗ ಚಕ್ರ ಕಿರ್ರಂತು, ಪೂರ್ತಿ ತಿರುಗಿ ಇಳಿದಿದ್ದರೆ ಹಾಗೆ ಉಜ್ಜುವುದಿಲ್ಲ. ಲಿಂಗರಾಜ್ ಸುಮ್ಮನಿದ್ದಾನೆ, ಅವನೇ ಈ ಮೇಜಿನ ಮುಖ್ಯಸ್ಥ, ಸಂಘಮಿತ್ರಾ ಸುಮ್ಮನಿದ್ದಾಳೆ, ಯಾರಿಗೂ ಕಂಡಿಲ್ಲ, ಬಿಟ್ಟರೆ ಆಯಿತು, ಒಂದು ಅಂಕ ಅವತ್ತು ಕಿತ್ತುಕೊಂಡದ್ದು ಇವತ್ತು ಒಂದು ಅಂಕ ಬಿಟ್ಟುಕೊಟ್ಟರೆ ಸರಿಹೋಗುತ್ತದಲ್ಲ, ಸರಿಹೋಗುತ್ತದೆಯೇ, ಮತ್ತೆ ತನ್ನ ಕೈಯೇ ಅಲ್ಲವೇ ಆಗ — ರಿವ್ಯೂ, ಅಂದಳು. ನನಗ ಸರಿ ಕಂಡ್ತಲ್ರಿ ಮೇಡಂ, ಅಂದ ಲಿಂಗರಾಜ್. ವೀಡಿಯೋ ನಿಧಾನ ಹಾಕಪ, ನೋಡೋಣ, ಅಂದಳು. ಸ್ಕ್ರೀನಿನಲ್ಲಿ ಹುಡುಗಿ ಗಾಳಿಯಲ್ಲಿ ತೇಲಿದಳು, ಕೈ ಎದೆಗೆ ಅವಚಿ, ಕಣ್ಣು ಅರೆಮುಚ್ಚಿ, ಎಷ್ಟು ಚೆಂದ, ಇನ್ನೂ ಸ್ವಲ್ಪ ತಿರುಗು ತಾಯಿ, ಇನ್ನೊಂಚೂರು, ಮುಂದಿನ ಚಕ್ರ ನೆಲ ಮುಟ್ಟಿತು, ಪಾದ ಅಡ್ಡಕ್ಕಿತ್ತು. ಕಾಲು ಸುತ್ತು ಕಡಿಮೆ. ಲಿಂಗರಾಜ್ ಉಸಿರು ಬಿಟ್ಟ, ಹೌದ್ರಿ, ಅಂದ. ಕಡಿಮೆ ಅಂತ ಹಾಕು ಸಂಘಮಿತ್ರಾ, ಅಂದಳು ಕೊಟ್ರಬಸಮ್ಮ.

ಶಾಂಭವಿ ಮೊದಲು, ದುರ್ಗಾ ಎರಡು, ನಡುವೆ ಅರ್ಧ ಅಂಕವೂ ಇಲ್ಲ, ಬಿಟ್ಟಿದ್ದರೆ ತಿರುಗುಮುರುಗು, ಅದನ್ನು ಲೆಕ್ಕ ಹಾಕದೆಯೇ ಬಲ್ಲಳು. ಹಾಲಸ್ವಾಮಿಯವರು ಕುರ್ಚಿ ಸರಿಸಿ ಬಂದರು, ಆ ಹುಡುಗಿಗೆ ನೀವು ಬಿಟ್ಟುಕೊಡ್ತೀರಿ ಅಂದ್ಕೊಂಡಿದ್ದೆ, ತಪ್ಪು ತಿಳಕೊಂಡಿದ್ದೆ ಬಸಮ್ಮಾರ, ಅಂದು ಕೈ ಮುಗಿದರು, ದೊಡ್ಡ ಮನುಷ್ಯ, ಅವರಿಗೂ ಮನಸ್ಸಿದೆ, ಏನೋ ಉತ್ತರ ಕೊಟ್ಟಳು, ಏನು ಅಂತ ನೆನಪಿಲ್ಲ, ಕಣ್ಣು ಆಚೆ ಬೆಂಚಿನ ಮೇಲಿತ್ತು, ಅಲ್ಲಿ ದುರ್ಗಾ ಸ್ಕೇಟ್ಸ್ ಬಿಚ್ಚದೆ ಕೂತಿದ್ದಾಳೆ, ತೊಡೆಯ ಮೇಲೆ ಅಂಕಪಟ್ಟಿಯ ಹಾಳೆ, ಹಳೇ ಪದ್ಧತಿಯಲ್ಲಿ ಇಂಥ ಹಾಳೆಯೇ ಇರಲಿಲ್ಲ, ಅಳುತ್ತಾಳೆ ಈಗ, ಹೋಗಿ ಹೇಳಬೇಕು, ಹತ್ತಿರ ಹೋದಳು, ಅಳುತ್ತಿಲ್ಲ, ಪಕ್ಕದಲ್ಲಿ ಹಂಪಕ್ಕ ಹಾಳೆಗೆ ಬಗ್ಗಿ, ಏನ್ ಬರದಾರ, ನನಗ ತಿಳಿಯೂಹಂಗ ಓದವ್ವಾ, ಅನ್ನುತ್ತಿದ್ದಾಳೆ, ಹುಡುಗಿ ಒಂದೊಂದೇ ಸಾಲಿಗೆ ಬೆರಳಿಟ್ಟು, ಇದು ಗಿರಕಿ, ಎಲ್ಲಾರಕಿಂತ ಜಾಸ್ತಿ ನನಗ ಬಂದೈತಿ ನೋಡು, ಇದು ಆಕ್ಸೆಲ್, ಪೂರಾ ಐತಿ, ಅನ್ನುತ್ತ ಬೆರಳು ಇಳಿಯಿತು, ಕೊನೆಯ ಸಾಲಿನ ಗುರುತಿನ ಮೇಲೆ ನಿಂತಿತು, ಇಲ್ಲಿ ಕಾಲು ಸುತ್ತು ಕಡಿಮಿ ಬಿತ್ತು, ಬಿದ್ದಾಗ ನನಗೂ ಗೊತ್ತಾಗಿತ್ತು ಬೇ, ಇದೊಂದು ತಿದ್ದಿದ್ರ ಆತು — ತಲೆ ಎತ್ತಿ ಕೊಟ್ರಬಸಮ್ಮನನ್ನು ಕಂಡಳು, ಹೌದಲ್ರಿ ಮೇಡಂ, ಅಂದಳು, ಹೌದು ಅನ್ನಬೇಕು, ಹೌದವ್ವಾ, ಅಷ್ಟೇ, ಅಂದಳೋ ಬರೀ ತಲೆ ಆಡಿಸಿದಳೋ, ಎಲ್ಲಿ ತಪ್ಪಾತ್ರಿ ಅಂತ ಹೊಸಪೇಟೆಯಲ್ಲಿ ಕೇಳಿದ್ದಕ್ಕೆ ಉತ್ತರ ಇವತ್ತು ಹಾಳೆಯಲ್ಲೇ ಇದೆ, ಬೆರಳು ಇನ್ನೂ ಅಲ್ಲೇ ಇದೆ, ಸವೆದ ಉಗುರಿನ ಸಣ್ಣ ಬೆರಳು, ಸಾಲಿನ ಮೇಲೆ, ಗಟ್ಟಿಯಾಗಿ ಒತ್ತಿ, ಆ ಬೆರಳು —